ಲಗಮಣ್ಣನ ಮೊದಲ ಸ್ಲ್ಯಾಬು

ಸ್ಲ್ಯಾಬು ಹಾಕಿದ ದಿನ ಆ ಅಂಗಳದಲ್ಲಿ ಯಾರ್ಯಾರಿದ್ದರು ಎಂದು ಕೇಳಿದರೆ ಈಗಲೂ ಕೂತಲ್ಲೇ ಹೇಳಬಲ್ಲೆ. ಮನೆಯ ಯಜಮಾನ ಅಣ್ಣಪ್ಪ ಕಾಕಾ ತಲೆಗೆ ಟವೆಲು ಸುತ್ತಿಕೊಂಡು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡಿದ್ದರು. ಅವರ ಹೆಂಡತಿ ಕಾಕೂ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಆಳುಗಳಿಗೆಲ್ಲ ಗೋದಿ ಹುಗ್ಗಿ ಬೇಯಿಸುತ್ತಿದ್ದರು. ಎದುರಿನ ಕಿರಾಣಿ ಅಂಗಡಿಯ ಶಿವಪ್ಪನವರು ಯಾರೂ ಕರೆಯದಿದ್ದರೂ ಬಂದು, ಕೈ ಹಿಂದೆ ಕಟ್ಟಿ, ಸಿಮೆಂಟಿನ ಚೀಲಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಂತಿದ್ದರು. ಮೇಲೆ, ಹಲಗೆಗಳ ಮೇಲೆ ಹರಡಿದ ಕಬ್ಬಿಣದ ಸಳಿಗಳ ನಡುವೆ, ಬಿಸಿಲಿಗೆ ಬೆನ್ನು ಕೊಟ್ಟು ಮನೆ ಕಟ್ಟುವ ಗೌಂಡಿ ಲಗಮಣ್ಣ. ಕೆಳಗೆ, ನೀರಿನ ಬ್ಯಾರಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತ ಆಯಿ, ಅಂದರೆ ಅಣ್ಣಪ್ಪ ಕಾಕಾನ ತಾಯಿ. ಮತ್ತೆ ನಾನು, ಆ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಸಾಲಿಯ ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ.

ಇದೆಲ್ಲ ಮತ್ತೆ ನೆನಪಾದದ್ದು ಮೂಡಲಗಿಯ ರಸ್ತೆಯಲ್ಲಿ. ಈಚೆಗೆ ಒಂದು ಮದುವೆ ಮಾತುಕತೆಗೆಂದು ಅಲ್ಲಿಗೆ ಹೋಗಿದ್ದೆ. ಊರ ಹೊರಗೆ ಬಸ್ಸು ಇಳಿದು ನಡೆಯುವಾಗ ಎಡಗಡೆಯ ಗಾಣದಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಬಲಗಡೆ ಯಾರದೋ ಮನೆಗೆ ಸ್ಲ್ಯಾಬು ಬೀಳುತ್ತಿತ್ತು. ಹೊಸ ಬೆಲ್ಲದ ವಾಸನೆ, ಹಸಿ ಸಿಮೆಂಟಿನ ವಾಸನೆ, ಎರಡೂ ಕೂಡಿಕೊಂಡು ಮೂಗಿಗೆ ಬಂದವು. ಜೊತೆಗಿದ್ದವರು ವರನ ಪಗಾರದ ಮಾತಾಡುತ್ತ ಮುಂದೆ ಹೋದರು. ನಾನು ನಿಂತುಬಿಟ್ಟೆ. ಆ ಎರಡು ವಾಸನೆ ಒಟ್ಟಿಗೆ ಬಂದ ವರ್ಷ ನನ್ನ ಜೀವನದಲ್ಲಿ ಇನ್ನೊಂದಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗೋಕಾಕಿನವಳಾದ ನನಗೆ ಹುಕ್ಕೇರಿ ತಾಲೂಕಿನಲ್ಲಿ, ಬೆಲ್ಲದ ಬಾಗೇವಾಡಿಯಿಂದ ಇನ್ನೂ ಒಳಗಿನ ಒಂದು ಹಳ್ಳಿಯಲ್ಲಿ ಮೊದಲ ನೌಕರಿ. ಶಾಲೆಗೆ ಎರಡು ಖೋಲಿ. ಒಂದು ಹಳೆಯದು, ಕಲ್ಲಿನ ಗೋಡೆ, ಮೇಲೆ ಹಂಚು. ಇನ್ನೊಂದು ಹೊಸದು, ಸ್ಲ್ಯಾಬಿನದು. ಊರವರಿಗೆ ಹೊಸದರ ಮೇಲೆ ಬಹಳ ಅಭಿಮಾನ. ಧ್ವಜ ಏರಿಸಿದ್ದು, ಫೋಟೋ ತೆಗೆಸಿದ್ದು ಎಲ್ಲ ಅದರ ಮುಂದೆಯೇ. ಆದರೆ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಅದರ ಒಳಮೈ ಹಪ್ಪಳದಂತೆ ಉಬ್ಬಿ ಉದುರತೊಡಗಿತು. ಒಳಗಿನ ಸಳಿಗಳು ತುಕ್ಕು ಹಿಡಿದು ಪಕ್ಕೆಲುಬಿನಂತೆ ಕಂಡವು. ನಾನು ಮಕ್ಕಳನ್ನು ಗೋಡೆಯ ಬದಿಗೆ ಕೂರಿಸಿ, ನಡುವಿನ ಜಾಗ ಖಾಲಿ ಬಿಟ್ಟು ಪಾಠ ಮಾಡುತ್ತಿದ್ದೆ. ಮಗ್ಗಿ ಹೇಳಿಸುವಾಗ ಒಂದು ಕಣ್ಣು ಮಕ್ಕಳ ಮೇಲೆ, ಇನ್ನೊಂದು ತಲೆಯ ಮೇಲೆ. ಕಾಂಕ್ರೀಟು ಎಂದರೆ ಮೈಯೆಲ್ಲ ಕಿವಿಯಾಗುವ ಅಭ್ಯಾಸ ನನಗೆ ಹತ್ತಿದ್ದು ಹಾಗೆ.

ಊರಿಗೆ ಮಾತ್ರ ಆ ವರ್ಷ ಸ್ಲ್ಯಾಬಿನ ಹುಚ್ಚು. ಹುಕ್ಕೇರಿಯಿಂದ ಸಂಜೆಯ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ನೋಡುತ್ತಿದ್ದೆ. ಒಂದೊಂದು ಹಳ್ಳಿಯಲ್ಲೂ ಮಣ್ಣಿನ ಮಾಳಿಗೆಗಳ ನಡುವೆ ಒಂದೊಂದು ಬೂದುಬಣ್ಣದ ಪೆಟ್ಟಿಗೆ ಎದ್ದಿರುತ್ತಿತ್ತು. ಅದರ ನೆತ್ತಿಯ ಮೇಲೆ ನಾಲ್ಕೂ ಮೂಲೆಗೆ ಸಳಿಗಳನ್ನು ಮುಗಿಲಿಗೆ ಚಾಚಿ ಬಿಟ್ಟಿರುತ್ತಿದ್ದರು, ಮುಂದೆ ಎಂದಾದರೂ ಇನ್ನೊಂದು ಅಂತಸ್ತು ಏರಿಸಲು. ಆ ಸಳಿಗಳು ತುಕ್ಕು ಹಿಡಿಯುತ್ತ ಕಾಯುತ್ತಲೇ ಇರುತ್ತಿದ್ದವು. ಹೆಣ್ಣು ಕೊಡುವವರು ಮೊದಲು ಹೊಲ ಕೇಳುತ್ತಿದ್ದರು, ಈಗ ಅದರ ಬೆನ್ನಿಗೇ, "ಮನಿ ಸ್ಲ್ಯಾಬಿಂದೈತೇನ್ರಿ?" ಎನ್ನುತ್ತಿದ್ದರು. ಹೌದು ಎನ್ನಿಸಿಕೊಳ್ಳುವುದು ಒಂದು ಮರ್ಯಾದೆ. ಬೇಸಿಗೆಯಲ್ಲಿ ಒಳಗೆ ರೊಟ್ಟಿ ಹಂಚಿನ ಮೇಲೆ ಕೂತಂತಾಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಣ್ಣಪ್ಪ ಕಾಕಾನದು ತಲೆತಲಾಂತರದಿಂದ ಬಂದ ಜೈನ ಒಕ್ಕಲುಮನೆತನ. ಕಬ್ಬು, ಒಂದು ಗಾಣ, ಹಿತ್ತಲಲ್ಲಿ ಎಮ್ಮೆ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುವ ಮನೆ. ಮೊದಲ ವಾರ ಶಾಲೆಯಿಂದ ತಡವಾಗಿ ಬಂದು ಉಪವಾಸ ಮಲಗಿದ ಮೇಲೆ ನಾನೂ ಹೊತ್ತು ನೋಡಿ ಕಾಲು ಹಾಕುವುದನ್ನು ಕಲಿತೆ. ಮನೆಯ ಹಿಂದಿನ ಅರ್ಧದ ಮಣ್ಣಿನ ಮಾಳಿಗೆ ಕುಸಿಯುವಂತಾಗಿತ್ತು. ಅದನ್ನು ಇಳಿಸಿ, ಗೋಡೆ ಎತ್ತರಿಸಿ, ಸ್ಲ್ಯಾಬು ಹಾಕಿಸುವುದೆಂದು ಕಾಕಾ ತೀರ್ಮಾನಿಸಿದರು. ಆಯಿ ಒಪ್ಪಲಿಲ್ಲ. ಬೇಡವೆಂದೂ ಹೇಳಲಿಲ್ಲ. ಬರೀ ಪ್ರಶ್ನೆ ಕೇಳಿದರು.

"ಕಲ್ಲ ಇದ್ರ ಬಡದ ನೋಡಬಹುದು, ಅದರ ದನಿ ಹೇಳತೈತಿ. ಕಟಗಿ ಇದ್ರ ಗಂಟ ಕಾಣತೈತಿ. ಮಣ್ಣ ಬ್ಯಾನಿ ಬಂದ್ರ ಬಿರಕಬಿಟ್ಟ ತೋರಸತೈತಿ. ಈ ಬೂದಿ ಮುದ್ದಿ ಒಳಗ ಏನ ಮುಚ್ಚಿಟಗೊಂಡೈತಿ ಅಂತ ಹ್ಯಾಂಗ ತಿಳಿತೈತೋ ಅಣ್ಣಾ?"

"ನಂಬಬೇಕವ್ವಾ. ಇಡೀ ದೇಶಾನ ನಂಬೇತಿ."

"ಯಾರನ್ನ ನಂಬೂದು? ಸಿಮಿಟನ್ನೋ, ಅದನ್ನ ಕಲಸಾಂವನ್ನೋ?"

ಕಾಕಾ ಟವೆಲು ಕೊಡವಿ ಗಾಣದ ಕಡೆ ನಡೆದರು. ಶಾಲೆಯ ಛಾವಣಿಯ ಕೆಳಗೆ ದಿನ ಕಳೆಯುವ ನನಗೆ ಅದು ಒಳ್ಳೆಯ ಪ್ರಶ್ನೆ ಎನಿಸಿತ್ತು.

ಕಲಸುವವನು ಲಗಮಣ್ಣ. ಹುಕ್ಕೇರಿಯ ದೊಡ್ಡ ಮೇಸ್ತ್ರಿಯೊಬ್ಬರ ಕೈಕೆಳಗೆ ವರ್ಷಗಟ್ಟಲೆ ದುಡಿದು, ಆ ವರ್ಷ ಬೇರೆ ನಿಂತಿದ್ದ. ಗೋಡೆ ಎಷ್ಟೋ ಕಟ್ಟಿದ್ದ, ಆದರೆ ತನ್ನ ಹೆಸರಿನಲ್ಲಿ ಹಾಕುವ ಮೊದಲ ಸ್ಲ್ಯಾಬು ಇದೇ. ಅದೇ ಓಣಿಯ ಇನ್ನೆರಡು ಮನೆಯವರು, "ಅಣ್ಣಪ್ಪಂದ ಹ್ಯಾಂಗ ಆಗತೈತಿ ನೋಡಿ ನಮ್ಮದೂ ನಿನಗ ಕೊಡತೇವು" ಎಂದಿದ್ದರು. ಲಗಮಣ್ಣನಿಗೆ ಇದು ಬರೀ ಒಂದು ಮನೆಯ ಕೆಲಸವಾಗಿರಲಿಲ್ಲ. ಕೆಟ್ಟರೆ ಮತ್ತೆ ಹುಕ್ಕೇರಿಯ ಮೇಸ್ತ್ರಿಯ ಬುಟ್ಟಿ ಹೊರಬೇಕು.

ಮೂವತ್ತರ ಆಸುಪಾಸಿನ ಮನುಷ್ಯ, ಮಾತು ಸಲೀಸು. ಗೋಡೆ ಏರುವಾಗ ಆಯಿ ದಿನವೂ ಕೋಲು ಊರಿಕೊಂಡು ಬಂದು ಪರೀಕ್ಷೆ ಮಾಡುತ್ತಿದ್ದರು. ಈ ಉಸುಕು ಯಾವ ಹಳ್ಳದ್ದು, ತೊಳೆದದ್ದೋ ಇಲ್ಲವೋ, ಈ ಚೀಲದ ಬಾಯಿ ಯಾಕೆ ಸಡಿಲ. ಲಗಮಣ್ಣ ಒಂದು ದಿನ ಕರಣಿ ಕೆಳಗಿಟ್ಟು ಹೇಳಿದ:

"ಆಯಿ, ನನಗ ಹೆಣ್ಣ ಕೊಡಾಕ ಬಂದವ್ರೂ ಇಷ್ಟ ಕೇಳಿದ್ದಿಲ್ರಿ."

"ಕೇಳಬೇಕಾಗಿತ್ತು. ಪಾಪ ಆ ಹುಡಿಗಿ" ಎಂದರು ಆಯಿ.

ಹಾಗೆ ಜಗಳಾಡುತ್ತಲೇ ಇಬ್ಬರಿಗೂ ಸಲುಗೆ ಬೆಳೆಯಿತು. ಮಧ್ಯಾಹ್ನ ಅವನ ಡಬ್ಬಿಯ ರೊಟ್ಟಿಗೆ ಆಯಿ ಕದ್ದು ಬೆಣ್ಣೆ ಇಡುತ್ತಿದ್ದರು. ಕೈಗೆ ಬೆಣ್ಣೆ, ಬಾಯಿಗೆ ಬೈಗುಳ.

ಸ್ಲ್ಯಾಬಿನ ದಿನ ಬೆಳಿಗ್ಗೆ ಮಿಕ್ಸರ್ ಮಷೀನಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಸಾಲಾಗಿ ನಿಂತ ಆಳುಗಳ ಕೈಯಿಂದ ಕೈಗೆ ಬುಟ್ಟಿಗಳು ಏರತೊಡಗಿದವು. ಖಡಿಕಲ್ಲು, ಉಸುಕು, ಸಿಮೆಂಟು, ನೀರು. ನೀರಿನ ಹತ್ತಿರ ಆಯಿ ತಡೆದರು. ಬ್ಯಾರಲ್ಲಿನ ಬಾಯಿಗೆ ಬಿಳಿಯ ಅರಿವೆ ಕಟ್ಟಿ, ಸೋಸದೆ ಒಂದು ಕೊಡವನ್ನೂ ಒಳಗೆ ಬಿಡಲಿಲ್ಲ. ಆ ಮನೆಯಲ್ಲಿ ಸೋಸದ ನೀರು ಎಮ್ಮೆಯ ಬಾಯಿಗೂ ಹೋಗುತ್ತಿರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವಕ್ಕೆ ನೋವಾಗಬಾರದು ಎಂಬುದು ಅವರ ನಡೆ.

"ಆಯಿ, ಈ ನೀರ ಯಾರೂ ಕುಡಿಯೂದಿಲ್ರಿ" ಎಂದು ಮೇಲಿನಿಂದ ಲಗಮಣ್ಣ ಕೂಗಿದ.

"ಮನಿ ಕುಡಿತೈತಿ. ನೀ ನಿನ್ನ ಕೆಲಸ ನೋಡು."

ಆಳುಗಳು ನಕ್ಕರು. ಅಂದು ಇಡೀ ದಿನ ನೀರಿನ ಯಜಮಾನಿಕೆ ಆಯಿಯದು.

ಅರ್ಧ ಸ್ಲ್ಯಾಬು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಮಷೀನು ನಿಲ್ಲಿಸಿ ಎಲ್ಲರೂ ಹುಗ್ಗಿ ಉಂಡರು. ಹುಗ್ಗಿಗೆ ಗಾಣದಿಂದ ಆಗಷ್ಟೇ ಬಂದ ಹೊಸ ಬೆಲ್ಲ; ಅಂಗಳದ ತುಂಬ ಅದರ ವಾಸನೆ, ಅದರ ಮೇಲೆ ಹಸಿ ಸಿಮೆಂಟಿನ ವಾಸನೆ. ಉಂಡ ಮೇಲೆ ಕಾಕಾ ಬೇವಿನ ಕೆಳಗಿನ ಕುರ್ಚಿಯಲ್ಲೇ ಹಿಂದಕ್ಕೊರಗಿ ಗೊರಕೆ ಹೊಡೆದರು. ಬೆಳಗಿನಿಂದ ಚೀಲ ಎಣಿಸುತ್ತಿದ್ದ ಮನುಷ್ಯ ಎಚ್ಚರಾಗುವಷ್ಟರಲ್ಲಿ ಉಳಿದರ್ಧವೂ ಮುಗಿಯುತ್ತ ಬಂದಿತ್ತು. ಲಗಮಣ್ಣ ಮೇಲ್ಮೈಯನ್ನು ಸವರಿ ಸಮಮಾಡುತ್ತಿದ್ದ. ಇಳಿದು ಬಂದವನು ಮೊದಲು ಆಯಿಯ ಕಾಲು ಮುಟ್ಟಿದ.

ಮರುದಿನ ಶಾಲೆಗೆ ಹೊರಡುವಾಗ ನಾನು ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಲಗಮಣ್ಣ ಸ್ಲ್ಯಾಬಿನ ಮೇಲೆ ಮೊಣಕಾಲೂರಿ ಕೂತಿದ್ದ. ನೀರು ನಿಲ್ಲಿಸಲು ಸುತ್ತ ಬದು ಕಟ್ಟಬೇಕಾದವನು ಏನೂ ಮಾಡದೆ ಕೂತಿದ್ದ. ಸಂಜೆ ಬಂದಾಗಲೂ ಅಲ್ಲೇ ಇದ್ದ. ಈ ಸಲ ಪಕ್ಕದಲ್ಲಿ ಕಾಕಾ, ಅವರ ಪಕ್ಕದಲ್ಲಿ ಶಿವಪ್ಪನವರು. ನಾನೂ ನಿಚ್ಚಣಿಕೆ ಹತ್ತಿದೆ.

ಬೆಳಿಗ್ಗೆ ಹಾಕಿದ ಅರ್ಧ ಬೆಳ್ಳಗೆ ಗಟ್ಟಿಯಾಗಿತ್ತು, ಕಾಲಿನ ಬೆರಳಿನಿಂದ ಒತ್ತಿದರೆ ಕಲ್ಲು. ಊಟದ ನಂತರ ಹಾಕಿದ ಅರ್ಧ ಕಪ್ಪಗೆ ಒದ್ದೆಯಾಗಿತ್ತು. ಕಾಕಾ ಬೆರಳು ಊರಿದರು, ಒಳಗೆ ಹೋಯಿತು. ಎರಡರ ನಡುವೆ ಗೆರೆ ಎಳೆದ ಹಾಗೆ.

"ಆಗತೈತ್ರಿ ಸಾವಕಾರ್ರ, ನಾಳಿಗೆ ಬಿಗೀತೈತ್ರಿ" ಎಂದ ಲಗಮಣ್ಣ. ಅವನ ದನಿಯಲ್ಲೇ ಅವನಿಗೆ ನಂಬಿಕೆಯಿರಲಿಲ್ಲ.

ನಾಳೆಯೂ ಬಿಗಿಯಲಿಲ್ಲ, ಅದರಾಚೆಯೂ ಇಲ್ಲ. ಆಗ ಶುರುವಾಯಿತು ಊರವರ ಸಂಶಯ. ಶಿವಪ್ಪನವರ ಅಂಗಡಿಯ ಕಟ್ಟೆ ಆ ವಾರ ಖಾಲಿ ಬಿದ್ದದ್ದನ್ನು ನಾನು ಕಾಣಲಿಲ್ಲ. ಅವರ ಲೆಕ್ಕ ಬಹಳ ಸರಳವಾಗಿತ್ತು, ಅದಕ್ಕೇ ಎಲ್ಲರಿಗೂ ಹಿಡಿಸಿತು.

"ಸಾವಕಾರ ಎಚ್ಚರಿದ್ದಾಗ ಹಾಕಿದ್ದ ಕಲ್ಲ ಆತು. ಸಾವಕಾರ ಮಲಗಿದಾಗ ಹಾಕಿದ್ದ ರಾಡಿ ಆತು. ಇದಕ್ಕ ಇಂಜಿನಿಯರ್ ಯಾಕ ಬೇಕು? ನನಗ ಹೇಳ್ರಿ, ಆ ಚೀಲ ಎಲ್ಲಿ ಹೋದ್ವು?"

ಖಾಲಿ ಚೀಲಗಳನ್ನು ಹುಡುಕಿದರು. ಕೆಲವನ್ನು ಆಳುಗಳು ತಲೆಗೆ ಹೊದೆಯಲು ಒಯ್ದಿದ್ದರು, ಕೆಲವನ್ನು ಕಾಕೂ ಎಮ್ಮೆಯ ಕೆಳಗೆ ಹಾಸಿದ್ದರು. ಲೆಕ್ಕ ಹತ್ತಲಿಲ್ಲ. ಲೆಕ್ಕ ಹತ್ತದಿದ್ದದ್ದೇ ಸಾಕ್ಷಿಯಾಯಿತು. ಇನ್ನೊಬ್ಬರು ಉಸುಕನ್ನು ಸಂಶಯಿಸಿದರು, ಮತ್ತೊಬ್ಬರು ಸಿಮೆಂಟೇ ಕಲಬೆರಕೆ ಎಂದರು. ಆದರೆ ಸುತ್ತಿ ಸುತ್ತಿ ಎಲ್ಲರ ಬೆರಳೂ ಲಗಮಣ್ಣನ ಕಡೆಗೇ ಬರುತ್ತಿತ್ತು. ನಾನೂ ಏನು ಕಡಿಮೆಯಲ್ಲ. ಶಾಲೆಯ ಛಾವಣಿಯಿಂದ ಉದುರಿದ ಚೂರನ್ನು ಕೈಯಲ್ಲಿ ಹಿಡಿದು ತಿಕ್ಕಿದರೆ ಬರೀ ಉಸುಕಾಗುತ್ತಿತ್ತು. ಅದನ್ನು ಹಾಕಿದವರೂ ನಗುನಗುತ್ತಲೇ ಹಾಕಿರಬೇಕು, ಅವರೂ ಯಾರದೋ ಕಾಲು ಮುಟ್ಟಿರಬೇಕು ಎಂದುಕೊಂಡೆ. ಆಗ ನನಗೆ ಹೊಳೆದದ್ದು ಇದು: ಮಣ್ಣಿನ ಮನೆ ಕಟ್ಟುವಾಗ ನಾವು ಮಣ್ಣನ್ನು ನಂಬಿರುತ್ತೇವೆ, ಕಲ್ಲಿನ ಮನೆಗೆ ಕಲ್ಲನ್ನು. ಕಾಂಕ್ರೀಟಿನ ಮನೆಗೆ ಮನುಷ್ಯರನ್ನು ನಂಬಬೇಕು. ಕಾರ್ಖಾನೆಯಲ್ಲಿ ಚೀಲ ತುಂಬಿದವನನ್ನು, ಲಾರಿಯವನನ್ನು, ಬುಟ್ಟಿ ಎಣಿಸಿದವನನ್ನು, ಎಲ್ಲರನ್ನೂ. ಒಂದು ಸಲ ಬಿಗಿದ ಮೇಲೆ ಅವರ ಸುಳ್ಳೂ ಸತ್ಯವೂ ಒಂದೇ ಬಣ್ಣ.

ಲಗಮಣ್ಣ ಮಾತ್ರ ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಗಟ್ಟಿಯಾದ ಅರ್ಧಕ್ಕೆ ನೀರು ನಿಲ್ಲಿಸುತ್ತಿದ್ದ, ಮೆತ್ತಗಿನ ಅರ್ಧಕ್ಕೆ ಒದ್ದೆ ಗೋಣಿ ತಟ್ಟು ಹೊದಿಸುತ್ತಿದ್ದ. ಓಣಿಯ ಎರಡು ಮನೆಯವರೂ ಮುಖಕ್ಕೆ ಹೇಳಿಬಿಟ್ಟಿದ್ದರು, ನೀನು ಬರಬೇಡ ಎಂದು. ಒಬ್ಬರು ಗೋಕಾಕಿನ ಗುತ್ತೇದಾರನಿಗೆ ಆಗಲೇ ವೀಳ್ಯ ಕೊಟ್ಟಿದ್ದರು. ಹುಕ್ಕೇರಿಯ ಮೇಸ್ತ್ರಿಗೂ ಸುದ್ದಿ ಮುಟ್ಟಿ, "ಬಾರಪಾ, ಬುಟ್ಟಿ ಖಾಲಿ ಅದಾವು" ಎಂದು ಹೇಳಿ ಕಳಿಸಿದ್ದನಂತೆ. ಲಗಮಣ್ಣನ ಮಾತು ನಿಂತಿತ್ತು. ಆಯಿ ಬೆಣ್ಣೆ ಇಟ್ಟರೆ ಡಬ್ಬಿ ಮುಚ್ಚಿಡುತ್ತಿದ್ದ.

ಕೊನೆಗೆ ಕಾಕಾ ಹುಕ್ಕೇರಿಯಿಂದ ಪರಿಚಯದ ಇಂಜಿನಿಯರನ್ನು ಕರೆಸಿದರು. ಅದು ರವಿವಾರ, ನಾನು ಮನೆಯಲ್ಲೇ ಇದ್ದೆ. ಅವರು ಮೇಲೆ ಹತ್ತಿ, ಬೀಗದ ಕೈಯಿಂದ ಗೀರಿ, ಮೂಸಿ ನೋಡಿ, ಇಳಿದು ಬಂದರು. ಅಂಗಳದಲ್ಲಿ ಆಗಲೇ ಓಣಿಯ ಅರ್ಧ ಜನ ನೆರೆದಿದ್ದರು.

"ಏನಂತ ಹೇಳೂದ್ರಿ. ಸಿಮಿಟ್ ಕಡಿಮಿ ಆಗಿದ್ರೂ ಇಷ್ಟ ದಿನದಾಗ ಸ್ವಲ್ಪರೆ ಬಿಗಿಬೇಕಿತ್ತು" ಎಂದರು ಅವರು.

"ಸ್ವಲ್ಪನೂ ಹಾಕಿಲ್ಲ ಅಂದಂಗ ಆತು" ಎಂದರು ಶಿವಪ್ಪನವರು.

ಕಾಕಾನ ಮುಖ ಬಿಗಿಯಿತು. ಮಲಗಿಬಿಟ್ಟೆನಲ್ಲ ಎಂಬ ನಾಚಿಕೆ ಅವರಲ್ಲಿ ಸಿಟ್ಟಾಗಿ ಕೂತಿತ್ತು. "ಲಗಮಣ್ಣ, ನಾಳೆ ಇದನ್ನ ಒಡಸಾಂವ ಇದ್ದೇನಿ. ಗೋಕಾಕದವ್ರನ್ನ ಕರಸತೇನಿ. ಒಡ್ಯೂಕಿಂತ ಮದಲ ಖರೆ ಹೇಳು. ಸಿಮಿಟ್ ಮಾರಿದಿ ಹೌದಿಲ್ಲೊ?"

ಲಗಮಣ್ಣ ಕೈಕಟ್ಟಿ ನಿಂತಿದ್ದ. "ಹೇಳಿದ್ರ ನಂಬತೀರೇನ್ರಿ?" ಎಂದಷ್ಟೇ ಕೇಳಿದ.

ಆಗ ಹೊಸ್ತಿಲಿನಲ್ಲಿ ಕೂತಿದ್ದ ಆಯಿ ಕೋಲು ಊರಿ ಎದ್ದರು.

"ಅಣ್ಣಾ, ಅಂವಗ ಯಾಕ ಬೈತಿ? ಸಿಮಿಟ್ ಕಡಿಮಿ ಬಿದ್ದೈತಿ ಅಂತನ ಇಟಗೋ. ಆದ್ರೂ ಅದು ಕೆಡಾಕ ಸಾಧ್ಯ ಇಲ್ಲ. ಅಂವ ಹಾಕದಿದ್ದದ್ದನ್ನ ನಾ ಹಾಕೇನಿ."

"ಏನ ಹಾಕಿದಿಯವ್ವಾ?"

"ಬೆಲ್ಲ. ನೀವೆಲ್ಲ ಉಣ್ಣಾಕ ಕೂತಾಗ ಬ್ಯಾರಲ್‌ದಾಗ ಕದಡಿದೆ. ನಮ್ಮ ಗಾಣದ ಹೊಸಾ ಬೆಲ್ಲ, ಹುಗ್ಗಿಗೆ ತಂದದ್ದು. ಎರಡನೇ ಬ್ಯಾರಲ್ ತುಂಬಿದಾಗ ಅದಕ್ಕೂ ಹಾಕಿದೆ."

ಇಂಜಿನಿಯರು ಕನ್ನಡಕ ತೆಗೆದರು.

ಆಯಿ ನಿಧಾನಕ್ಕೆ ಬಿಡಿಸಿ ಹೇಳಿದರು. ಅವರ ತವರಿನ ಊರಲ್ಲಿ, ಅವರು ಲಂಗ ಉಡುವ ವಯಸ್ಸಿನಲ್ಲಿ, ಬಾವಿ ಕಟ್ಟಿಸಿದ್ದರಂತೆ. ಕಲ್ಲಿನ ಗಾಲಿ ಕಟ್ಟಿದ ಎತ್ತುಗಳು ಸುತ್ತು ಹಾಕಿ ಸುಣ್ಣ, ಉಸುಕು ಅರೆಯುತ್ತಿದ್ದವಂತೆ. ಅದಕ್ಕೆ ಬೆಲ್ಲದ ನೀರು ಬೀಳದೆ ಕೆಲಸ ಮುಂದೆ ಹೋಗುತ್ತಿರಲಿಲ್ಲವಂತೆ. ಆ ಬಾವಿಯ ಒಂದು ಕಲ್ಲೂ ಇವತ್ತಿನವರೆಗೆ ಅಲುಗಿಲ್ಲ. "ಈಗಿನ ಗೌಂಡಿಗೋಳು ಬೆಲ್ಲದ ಖರ್ಚ ಉಳಸತಾರ. ಇಂವನೂ ಉಳಸಾಕತ್ತಾನ ಅಂತ ಮುಂಜಾನಿಂದ ನೋಡಾಕತ್ತಿದ್ದೆ. ಮಂದಿ ಮುಂದ ಅಂದ್ರ ಹುಡಗಗ ನಾಚಿಕಿ ಆಗತೈತಿ, ಮದಲನೇ ಕೆಲಸ. ಅದಕ್ಕ ಸುಮ್ಮಕ ನಾನ ಹಾಕಿದೆ."

ಅಂದರೆ ಊರೆಲ್ಲ ಅವನು ಸಿಮೆಂಟು ಕದ್ದನೆಂದು ತಿಳಿದಿದ್ದಾಗ, ಆಯಿ ಅವನು ಬೆಲ್ಲ ಉಳಿಸಿದನೆಂದು ತಿಳಿದಿದ್ದರು. ಅವನ ಮರ್ಯಾದೆ ಕಾಯಲು ಬಾಯಿ ಮುಚ್ಚಿಕೊಂಡಿದ್ದರು.

ಇಂಜಿನಿಯರು ಮೆತ್ತಗೆ ಹೇಳಿದರು: "ಆಯಿ, ಸುಣ್ಣಕ್ಕ ಬೆಲ್ಲ ನಡೀತೈತ್ರಿ. ಸಿಮಿಟಿಗೆ ಬೆಲ್ಲ ಬಿದ್ರ ಅದು ಬಿಗಿಯೂದನ್ನ ಮರೀತೈತ್ರಿ."

"ಹುಚ್ಚ ಮಾತ ಆಡಬ್ಯಾಡ್ರಿ ಸಾಹೇಬ್ರ. ಬೆಲ್ಲ ಬಿದ್ರ ಕೆಡೂ ಪದಾರ್ಥ ಜಗತ್ತಿನಾಗ ಯಾವದೈತಿ?"

ಜನ ನಕ್ಕರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಸಂಶಯ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಶಿವಪ್ಪನವರು ಕಾಕಾನ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಚಲೋ ಹೂಡ್ಯಾನ. ದಿನಾ ಮುದುಕಿ ಹಂತ್ಯಾಕ ಕೂತ ಮಾತಾಡತಿದ್ದ ನೋಡ್ರಿ, ಪಾಠ ಹೇಳಿಕೊಟ್ಟಾನ. ಮುಪ್ಪಿನ ಜೀವ, ಹೇಳು ಅಂದ್ರ ಹೇಳತೈತಿ."

ನನಗೆ ಬ್ಯಾರಲ್ಲಿನ ಬುಡ ನೆನಪಾಯಿತು. ಸ್ಲ್ಯಾಬು ಹಾಕಿದ ಮರುದಿನದಿಂದ ಅಲ್ಲಿ ಇರುವೆಗಳ ಸಾಲು ಹಿಡಿದಿತ್ತು, ಆಯಿ ಅವುಗಳನ್ನು ಯಾರೂ ತುಳಿಯದಂತೆ ಸುತ್ತ ಇಟ್ಟಂಗಿ ಇಟ್ಟಿದ್ದರು. ಅದನ್ನು ಹೇಳಿದೆ. "ಹುಗ್ಗಿ ಉಂಡ ಕೈ ಅಲ್ಲೇ ತೊಳದಾರ್ರಿ ಅಕ್ಕೋರ" ಎಂದರು ಶಿವಪ್ಪನವರು. ಅದೂ ನಿಜವೇ.

ಆಯಿಗೆ ಸಿಟ್ಟು ಬಂದದ್ದು ಆಗ. ಶಿವಪ್ಪನವರ ಮೇಲಲ್ಲ, ಸಿಮೆಂಟಿನ ಮೇಲೆ. "ನನ್ನ ಕಣ್ಣ ಮುಂದ ಮಾಡಿ ತೋರಸ್ರಿ. ಬೆಲ್ಲ ಬ್ಯಾಡ ಅಂತೈತೇನ ಈ ಬೂದಿ, ನೋಡೂನು."

ಸ್ಲ್ಯಾಬಿನ ಪೂಜೆಗೆ ಒಡೆದ ತೆಂಗಿನಕಾಯಿಯ ಎರಡು ಪರಟಿ, ಖಾಲಿ ಚಿಪ್ಪು, ಅಡುಗೆಮನೆಯಲ್ಲಿದ್ದವು. ಅವನ್ನು ತರಿಸಿದರು. ಉಳಿದಿದ್ದ ಒಂದೇ ಚೀಲ ಬಿಚ್ಚಿ ಸಿಮೆಂಟನ್ನು ತಾವೇ ಬೊಗಸೆಯಿಂದ ತೆಗೆದರು, ಉಸುಕನ್ನು ತಾವೇ ಅಳೆದರು. ಲಗಮಣ್ಣನನ್ನು ಹತ್ತಿರಕ್ಕೂ ಬಿಡಲಿಲ್ಲ. ಒಂದು ಪರಟಿಗೆ ಸೋಸಿದ ನೀರು. ಇನ್ನೊಂದಕ್ಕೆ ಸೋಸಿದ ನೀರಿನಲ್ಲಿ ಕದಡಿದ ಬೆಲ್ಲ. ಎರಡನ್ನೂ ಹೊಸ್ತಿಲ ಪಕ್ಕದ ಕಟ್ಟೆಯ ಮೇಲಿಟ್ಟು, ನಡುವೆ ಕೋಲು ಅಡ್ಡ ಹಾಕಿ ಕೂತರು. ಶಿವಪ್ಪನವರು ಬಗ್ಗಿ ನೋಡಲು ಬಂದರೆ, "ಸರೀರಿ. ನಿಮ್ಮ ಕೈ ಸಕ್ಕರಿ ಚೀಲದಾಗ ಆಡಿ ಬಂದೈತಿ" ಎಂದು ಕೋಲು ಎತ್ತಿದರು. ಹೊತ್ತು ಮುಳುಗುವ ಮೊದಲು ಎದ್ದು ಉಂಡು ಬಂದವರು, ಪರಟಿಗಳನ್ನು ಬುಟ್ಟಿಯಲ್ಲಿ ಮುಚ್ಚಿ ತಮ್ಮ ಹಾಸಿಗೆಯ ಪಕ್ಕವೇ ಇಟ್ಟುಕೊಂಡರು.

ಬೆಳಿಗ್ಗೆ ನಾನು ನೀರಿಗೆ ಎದ್ದಾಗ ಆಯಿ ಆಗಲೇ ಕಟ್ಟೆಯ ಮೇಲೆ ಕೂತಿದ್ದರು. ಬುಟ್ಟಿ ಇನ್ನೂ ಮುಚ್ಚಿಯೇ ಇತ್ತು. ಎಲ್ಲರೂ ಬರಲಿ ಎಂದು ಕಾಯುತ್ತಿದ್ದರು. ಮೊದಲ ಬಸ್ಸಿಗೆ ಲಗಮಣ್ಣ ಬಂದ. ಕಾಕಾ ಬಂದರು. ಶಿವಪ್ಪನವರು ಅಂಗಡಿಯ ಬಾಗಿಲು ಅರ್ಧ ತೆರೆದು ಬಂದರು.

ಆಯಿ ಬುಟ್ಟಿ ಎತ್ತಿ ಒಂದು ಪರಟಿಯನ್ನು ಕಟ್ಟೆಯ ಮೇಲೆ ಕುಕ್ಕಿದರು. ಪರಟಿ ಸೀಳಿತು, ಒಳಗಿನದು ಉಂಡೆಯಾಗಿ ಉರುಳಿತು. ಕೋಲಿನಿಂದ ಬಡಿದರು. ಅದು ಕಲ್ಲಿನ ದನಿ ಮಾಡಿತು. ಇನ್ನೊಂದನ್ನು ಕೈಯಲ್ಲಿ ಹಿಡಿದು ಬೆರಳು ಊರಿದರು. ಬೆರಳು ತಳದವರೆಗೆ ಇಳಿಯಿತು. ಆ ಬೆರಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗಿಗೆ ಒರೆಸಿಕೊಂಡರು.

"ಬೆಲ್ಲ ಒಲ್ಲೆಂತೈತಿ" ಎಂದರು. ಅಷ್ಟೇ.

ಶಿವಪ್ಪನವರು ಗಟ್ಟಿ ಉಂಡೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿ, ಅಂಗಡಿಗೆ ಹೋದರು. ಅದನ್ನು ಎಷ್ಟೋ ಕಾಲ ತಕ್ಕಡಿಯ ಪಕ್ಕ ಕಾಗದ ಹಾರದಂತೆ ಇಟ್ಟಿದ್ದರು. ಕಾಕಾ ಲಗಮಣ್ಣನ ಮುಖ ನೋಡಲಾರದೆ, "ಚಹಾ ಮಾಡ್ರಿ" ಎಂದು ಒಳಗೆ ಕೂಗಿದರು. ಆ ಮನೆಯಲ್ಲಿ ಅದೇ ಕ್ಷಮೆ ಕೇಳುವ ರೀತಿ.

ಒಡೆಯುವುದು ಬೇಡ, ಕೆಳಗಿನ ಕಂಬ ಹಲಗೆ ತೆಗೆಯದೆ ಕಾಯಿರಿ, ಒದ್ದೆ ಇಡಿ ಎಂದು ಇಂಜಿನಿಯರು ಹೇಳಿ ಕಳಿಸಿದರು. ಕಾದೆವು. ಯುಗಾದಿ ಹೋಯಿತು. ತಟ್ಟುಗಳ ಕೆಳಗೆ ಅದು ತನ್ನ ಸಮಯಕ್ಕೆ ತಾನು, ಅಂಚಿನಿಂದ ಒಳಕ್ಕೆ, ಬಿಗಿಯುತ್ತ ಬಂತು. ಒಂದು ದಿನ ಲಗಮಣ್ಣ ಸುತ್ತಿಗೆಯಿಂದ ಬಡಿದ, ಎರಡೂ ಅರ್ಧದಿಂದ ಒಂದೇ ದನಿ ಬಂತು. ಕಂಬಗಳನ್ನು ತೆಗೆದ ದಿನ ಎಲ್ಲರೂ ಹೊರಗೆ ನಿಂತಿದ್ದರು. ಏನೂ ಆಗಲಿ‍ಲ್ಲ.

ಆದರೂ ಆ ಖೋಲಿಗೆ ಯಾರೂ ಹೋಗಲಿಲ್ಲ. ಕಾಕಾ ಅಲ್ಲಿ ಗೊಬ್ಬರದ ಚೀಲ ಇಡುವ ಮಾತಾಡಿದರು. ಓಣಿಯವರು ಬಂದು ಬಾಗಿಲಲ್ಲೇ ನಿಂತು ಮೇಲೆ ನೋಡಿ ಹೋಗುತ್ತಿದ್ದರು. ನಾನೂ ಬಾಗಿಲಿನಿಂದಲೇ ನೋಡಿದವಳು. ತಪ್ಪು ಲಗಮಣ್ಣನದಲ್ಲವೆಂದು ಎಲ್ಲರಿಗೂ ತಿಳಿದಿತ್ತು, ಆದರೆ ತಪ್ಪು ಯಾರದಾದರೇನು, ಬಿದ್ದರೆ ಬೀಳುವುದು ತಲೆಯ ಮೇಲೆ. ಗೋಕಾಕಿನವನಿಗೆ ವೀಳ್ಯ ಕೊಡದೆ ಉಳಿದಿದ್ದ ಎರಡನೇ ಮನೆಯವರು ಇನ್ನೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಅಂಥ ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ ಆಯಿಯ ಹೊರಸು ಅವರ ಹಳೆಯ ಜಾಗದಲ್ಲಿ ಇರಲಿಲ್ಲ. ಹಿಂದಿನ ಖೋಲಿಯಲ್ಲಿತ್ತು. ಬೆಲ್ಲ ಬಿದ್ದ ಅರ್ಧದ ಕೆಳಗೆ, ಸರಿಯಾಗಿ ನಡುವೆ. ಆಯಿ ಅದರ ಮೇಲೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದರು. ಕಾಕಾ ಬಾಗಿಲಲ್ಲಿ ನಿಂತು ಗದ್ದಲ ಮಾಡುತ್ತಿದ್ದರು.

"ಎದ್ದ ಬಾಯವ್ವಾ, ನನ್ನ ಮಾನ ಕಳೀಬ್ಯಾಡ."

"ನಿನ್ನ ಮಾನ ಅಲ್ಲೋ. ಹುಡಗಂದ ಕಳದೇನಿ, ಅದನ್ನ ಕಾಯಾಕ ಮಲಗೇನಿ" ಎಂದರು ಆಯಿ. ಆಮೇಲೆ ನನ್ನನ್ನು ನೋಡಿ, "ಬರ್ರಿ ಅಕ್ಕೋರ, ಒಳಗ ಬರ್ರಿ. ಬೂದಿ ಮ್ಯಾಲ ನನಗ ಇನ್ನೂ ನಂಬಿಗಿ ಇಲ್ಲ. ಲಗಮನ ಮ್ಯಾಲೈತಿ."

ನಾನು ಹೊಸ್ತಿಲು ದಾಟಿದೆ. ಒಳಗೆ ಕಾಯ್ದ ಹಂಚಿನ ಶೆಕೆ. ಹೊರಸಿನ ತುದಿಗೆ ಕೂತೆ. ಮೇಲೆ, ಹಲಗೆಗಳ ಗುರುತು ಬಿದ್ದ ಬೂದು ಮೈಯಲ್ಲಿ, ಗಟ್ಟಿ ಅರ್ಧವೂ ತಡವಾದ ಅರ್ಧವೂ ಸೇರುವ ಗೆರೆ ಹುಡುಕಿದರೂ ಸಿಗಲಿಲ್ಲ.

ಎರಡನೇ ಮನೆಯವರು ಆ ಬೇಸಿಗೆ ಮುಗಿಯುವುದರೊಳಗೆ ಲಗಮಣ್ಣನಿಗೆ ಕೆಲಸ ಕೊಟ್ಟರು.

ಕೆಲವು ವರ್ಷಗಳ ಮೇಲೆ ನನಗೆ ಗೋಕಾಕಿನ ಕಡೆಗೆ ವರ್ಗವಾಯಿತು. ಆಯಿ ಆಗಲೇ ಹೋಗಿಬಿಟ್ಟಿದ್ದರು, ಅದೇ ಖೋಲಿಯಲ್ಲಿ, ನಿದ್ದೆಯಲ್ಲಿ. ಗೋಕಾಕಿನಲ್ಲಿ ನಮ್ಮ ಮನೆ ಕಟ್ಟಿಸುವಾಗ ಅಪ್ಪ ಯಾರನ್ನು ಕರೆಯೋಣ ಎಂದರು. ನಾನು ಹುಕ್ಕೇರಿಗೆ ಹೇಳಿ ಕಳಿಸಿದೆ. ಲಗಮಣ್ಣ ಈಗ ತನ್ನದೇ ಮಷೀನು ತಂದಿದ್ದ, ಕಿವಿಯ ಹತ್ತಿರ ಕೂದಲು ನರೆತಿತ್ತು. ಸ್ಲ್ಯಾಬಿನ ಬೆಳಿಗ್ಗೆ ಕಾಯಿ ಒಡೆದಾದ ಮೇಲೆ, ಎಲ್ಲರೂ ಬುಟ್ಟಿ ಹಿಡಿದು ನಿಂತಿರುವಾಗ, ಅವನು ಬ್ಯಾರಲ್ಲಿನ ಹತ್ತಿರ ಹೋಗಿ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಹಚ್ಚಿ ನೋಡಿದ. ತಲೆಯಾಡಿಸಿದ. ಆಮೇಲೆ ನಮ್ಮ ಅವ್ವನ ಕಡೆ ತಿರುಗಿ, "ಅವ್ವಾರ, ಮನ್ಯಾಗಿನ ಬೆಲ್ಲದ ಡಬ್ಬಿ ತರ್ರಿ" ಎಂದ. ಅವ್ವ ತಂದರು. ಅವನು ಪ್ರತಿಯೊಬ್ಬ ಆಳಿನ ಬಾಯಿಗೂ ಒಂದೊಂದು ಚೂರು ಹಾಕಿದ, ತಾನೂ ಒಂದು ಹಾಕಿಕೊಂಡ, ಎಲ್ಲರ ಕೈ ತೊಳೆಸಿದ. ಡಬ್ಬಿಯ ಮುಚ್ಚಳ ತಾನೇ ಬಿಗಿಮಾಡಿ ನನ್ನ ಕೈಗಿಟ್ಟು, "ಅಕ್ಕೋರ, ಸಂಜೀತನಕ ಇದರ ಮ್ಯಾಲ ನೀವ ಕೂಡ್ರಿ" ಎಂದ. ಆಮೇಲೆ ಮಷೀನು ಚಾಲೂ ಮಾಡಿಸಿದ.